ಲೆಕ್ಕವನ್ನು ಚಿತ್ರವಾಗಿಸಿದ ವಿಲಿಯಂ ಪ್ಲೇಫೇರ್

ಕಾಮರ್ಸ್ ಓದುವ ನಾವು ಬ್ಯಾಲೆನ್ಸ್ ಶೀಟ್ ನೋಡಿದರೆ ಹೇಗೋ ಅರ್ಥ ಮಾಡಿಕೊಳ್ಳುತ್ತೇವೆ. ಆದರೆ ಅದೇ ಲೆಕ್ಕವನ್ನು ಕಾಮರ್ಸ್ ಓದದವರ ಮುಂದೆ ಐದೇ ನಿಮಿಷದಲ್ಲಿ ಹೇಳಬೇಕಾದರೆ? ಸೆಮಿನಾರ್‌ನಲ್ಲಿ ನಾವೆಲ್ಲ ಲೈನ್ ಗ್ರಾಫ್, ಬಾರ್ ಚಾರ್ಟ್, ಪೈ ಚಾರ್ಟ್ ಹಾಕುತ್ತೇವೆ. ವ್ಯಾಪಾರದ ಅಂಕಿಗಳನ್ನು ಈ ಮೂರೂ ರೀತಿಯಲ್ಲಿ ತೋರಿಸಲು ದಾರಿ ಮಾಡಿಕೊಟ್ಟವರು ಒಬ್ಬರೇ ವ್ಯಕ್ತಿ. ಅವರೇ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್.

ಪ್ಲೇಫೇರ್ ಅವರು 1759ರಲ್ಲಿ ಡಂಡೀ ಪಟ್ಟಣದ ಹತ್ತಿರದ ಲಿಫ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಚರ್ಚಿನ ಪಾದ್ರಿ. ವಿಲಿಯಂ ಇನ್ನೂ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಅಣ್ಣ ಜಾನ್ ಅವರೇ ತಮ್ಮನಿಗೆ ಪಾಠ ಹೇಳಿದರು. ಈ ಜಾನ್ ಮುಂದೆ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. ಪ್ರತಿದಿನ ಥರ್ಮಾಮೀಟರ್ ನೋಡಿ, ಆ ದಿನದ ಉಷ್ಣತೆಯನ್ನು ಗೆರೆಯಾಗಿ ಬರೆಯಬೇಕು ಎಂದು ಅಣ್ಣ ತಮ್ಮನಿಗೆ ಕೆಲಸ ಕೊಟ್ಟಿದ್ದರು. ಸಂಖ್ಯೆಯಲ್ಲಿ ಹೇಳಬಹುದಾದ ಯಾವುದನ್ನೇ ಆದರೂ ಗೆರೆಯಲ್ಲೂ ಹೇಳಬಹುದು ಎಂಬ ಪಾಠ ಅಲ್ಲಿಂದಲೇ ಬಂತು.

1777ರಲ್ಲಿ ಅವರು ಉಗಿ ಯಂತ್ರಕ್ಕೆ ಹೆಸರಾದ ಜೇಮ್ಸ್ ವಾಟ್ ಅವರ ಬಳಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ಕೆಲವು ವರ್ಷಗಳ ನಂತರ ಕೆಲಸ ಬಿಟ್ಟು, ಲಂಡನ್ನಿನಲ್ಲಿ ಬೆಳ್ಳಿ ಸಾಮಾನಿನ ವ್ಯಾಪಾರ ಶುರು ಮಾಡಿದರು. ಅದು ನಡೆಯಲಿಲ್ಲ. ಆಮೇಲೆ ಅವರು ಪುಸ್ತಕ ಬರೆಯಲು ಕುಳಿತರು.

1786ರಲ್ಲಿ ಅವರ ವಾಣಿಜ್ಯ ಮತ್ತು ರಾಜಕೀಯ ಅಟ್ಲಾಸ್ ಹೊರಬಂತು. ಅದರಲ್ಲಿ ಒಟ್ಟು 44 ಚಿತ್ರಗಳಿದ್ದವು. ಹೆಸರು ಅಟ್ಲಾಸ್ ಆದರೂ ಅದರಲ್ಲಿ ದೇಶಗಳ ಭೂಪಟ ಇರಲಿಲ್ಲ, ಆಮದು-ರಫ್ತಿನ ಗೆರೆಗಳಿದ್ದವು. ಡೆನ್ಮಾರ್ಕ್ ಮತ್ತು ನಾರ್ವೆ ಜೊತೆ ಇಂಗ್ಲೆಂಡಿನ ವ್ಯಾಪಾರದ ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಅಡ್ಡಕ್ಕೆ 1700ರಿಂದ 1780ರವರೆಗಿನ ವರ್ಷಗಳು, ಉದ್ದಕ್ಕೆ ಹಣ. ಒಂದು ಗೆರೆ ಆಮದು, ಇನ್ನೊಂದು ರಫ್ತು. ಮೊದಲು ಆಮದಿನ ಗೆರೆ ಮೇಲಿರುತ್ತದೆ. 1750ರ ದಶಕದಲ್ಲಿ ಎರಡೂ ಗೆರೆಗಳು ಒಂದನ್ನೊಂದು ದಾಟುತ್ತವೆ, ರಫ್ತು ಮೇಲೆ ಹೋಗುತ್ತದೆ. ಎರಡು ಗೆರೆಗಳ ನಡುವಿನ ಜಾಗಕ್ಕೆ ಬಣ್ಣ ಹಾಕಿ, ಯಾವುದು ನಷ್ಟದ ಬಾಕಿ, ಯಾವುದು ಲಾಭದ ಬಾಕಿ ಎಂದು ಅಲ್ಲೇ ಬರೆದಿದ್ದಾರೆ. ಎಂಬತ್ತು ವರ್ಷದ ಲೆಕ್ಕ ಒಂದೇ ನೋಟದಲ್ಲಿ ಮುಗಿಯಿತು!

ಗೆರೆಗೂ ಹಣಕ್ಕೂ ಏನು ಸಂಬಂಧ ಎಂದು ಆಗಿನ ಜನ ಕೇಳುತ್ತಿದ್ದರು. ಅದಕ್ಕೆ ಪ್ಲೇಫೇರ್ ಸುಲಭವಾದ ಉತ್ತರ ಕೊಟ್ಟರು. ವ್ಯಾಪಾರಿಯೊಬ್ಬ ಪ್ರತಿದಿನದ ಗಳಿಕೆಯನ್ನು ನಾಣ್ಯಗಳ ಒಂದೊಂದು ಕಂಬವಾಗಿ ಸಾಲಾಗಿ ಜೋಡಿಸಿದರೆ, ಕಂಬದ ಎತ್ತರ ನೋಡಿಯೇ ಯಾವ ದಿನ ಹೆಚ್ಚು, ಯಾವ ದಿನ ಕಡಿಮೆ ಎಂದು ಗೊತ್ತಾಗುತ್ತದೆ. ಗ್ರಾಫ್ ಮಾಡುವುದೂ ಅದನ್ನೇ.

ಬಾರ್ ಚಾರ್ಟ್ ಹುಟ್ಟಿದ ಕಥೆ ಇನ್ನೂ ಚೆನ್ನಾಗಿದೆ. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಅವರ ಬಳಿ ಒಂದೇ ವರ್ಷದ ಅಂಕಿಗಳಿದ್ದವು. ಒಂದು ವರ್ಷಕ್ಕೆ ಗೆರೆ ಎಳೆಯುವುದು ಹೇಗೆ? ಅದಕ್ಕೇ 17 ದೇಶ-ಪ್ರದೇಶಗಳ ಆಮದು-ರಫ್ತಿಗೆ ಪಟ್ಟಿಗಳನ್ನು ಎಳೆದರು. ಇಲ್ಲದ ವರ್ಷಗಳ ಅಂಕಿಗಳನ್ನು ಊಹಿಸಿ ತುಂಬಲಿಲ್ಲ.

ಅಟ್ಲಾಸ್ ಅಚ್ಚಾಗುವ ಮೊದಲು ಜೇಮ್ಸ್ ವಾಟ್ ಒಂದು ಸಲಹೆ ಕೊಟ್ಟಿದ್ದರು. ಬರೀ ಚಿತ್ರ ಕೊಟ್ಟರೆ ಅಂಕಿ ಎಲ್ಲಿಂದ ಬಂತು ಎಂದು ಜನ ಕೇಳುತ್ತಾರೆ, ಹಾಗಾಗಿ ಮೂಲ ಕೋಷ್ಟಕಗಳನ್ನೂ ಜೊತೆಗೆ ಕೊಡಿ ಎಂಬುದು ಅದರ ಸಾರ. ಪ್ಲೇಫೇರ್ ಆ ಮಾತು ಕೇಳಿದರು.

ಈ ಪುಸ್ತಕ ಫ್ರಾನ್ಸಿನ ದೊರೆ 16ನೇ ಲೂಯಿಯ ಕೈಗೂ ಹೋಯಿತು, ಅವನಿಗೆ ಬಹಳ ಹಿಡಿಸಿತು ಎಂದು ಪ್ಲೇಫೇರ್ ಬರೆದಿದ್ದಾರೆ. ಗೆರೆಗೆ ಭಾಷೆಯ ಅಡ್ಡಿ ಇಲ್ಲ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳಲ್ಲಿ ಓಡಾಡುವ ನಮ್ಮಂಥವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

1801ರ ಇನ್ನೊಂದು ಪುಸ್ತಕದಲ್ಲಿ ಅವರು ಪೈ ಚಾರ್ಟ್ ಬರೆದರು. ತುರ್ಕಿ ಸಾಮ್ರಾಜ್ಯದ ನೆಲ ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ ಎಷ್ಟೆಷ್ಟು ಇದೆ ಎಂದು ಒಂದು ವೃತ್ತವನ್ನು ಮೂರು ಭಾಗ ಮಾಡಿ ತೋರಿಸಿದರು.

ಇಷ್ಟೆಲ್ಲ ಮಾಡಿದವರ ಸ್ವಂತ ಲೆಕ್ಕ ಮಾತ್ರ ಕೊನೆಯವರೆಗೂ ಸರಿಹೋಗಲಿಲ್ಲ. ಪ್ಯಾರಿಸ್‌ನಲ್ಲಿದ್ದಾಗ ಅಮೆರಿಕದ ಓಹಾಯೋ ಪ್ರದೇಶದ ಜಮೀನು ಮಾರುವ ಸಯೋಟೊ ಎಂಬ ಕಂಪನಿಯ ಕೆಲಸಕ್ಕೆ ಸೇರಿದರು. ಜಮೀನು ಕಂಪನಿಯದೇ ಆಗಿರಲಿಲ್ಲ. ಹಣ ಕೊಟ್ಟು ಸಮುದ್ರ ದಾಟಿ ಹೋದ ಫ್ರೆಂಚ್ ಕುಟುಂಬಗಳಿಗೆ ತಮ್ಮ ಪತ್ರಗಳಿಗೆ ಬೆಲೆಯೇ ಇಲ್ಲವೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಹಣದ ವಿಷಯದಲ್ಲಿ ಪ್ಲೇಫೇರ್ ಮೇಲೂ ಆರೋಪ ಬಂತು. ಲಂಡನ್ನಿಗೆ ಮರಳಿ ತೆರೆದ ಬ್ಯಾಂಕೂ ಮುಳುಗಿತು. ಸಾಲದ ಕಾರಣ ಫ್ಲೀಟ್ ಸೆರೆಮನೆಯನ್ನೂ ಕಂಡರು. 1823ರಲ್ಲಿ ಬಡತನದಲ್ಲೇ ತೀರಿಕೊಂಡರು.

ಅವರ ಚಿತ್ರಗಳಲ್ಲೂ ಎಚ್ಚರಿಕೆಯಿಂದ ನೋಡಬೇಕಾದವು ಇವೆ. ಬ್ರಿಟನ್ನಿನ ರಾಷ್ಟ್ರೀಯ ಸಾಲದ ಒಂದು ಚಿತ್ರವನ್ನು ಅವರು ಎತ್ತರ ಹೆಚ್ಚು, ಅಗಲ ಕಡಿಮೆ ಮಾಡಿ ಬರೆದರು. ಹಾಗಾಗಿ ಸಾಲ ಆಕಾಶಕ್ಕೆ ಹಾರಿದಂತೆ ಕಾಣುತ್ತದೆ. ಅಂಕಿ ಬದಲಾಗಿಲ್ಲ, ಆದರೆ ನೋಡುವವರ ಭಯ ಹೆಚ್ಚುತ್ತದೆ.

ಆದ್ದರಿಂದ ಗೆಳೆಯರೇ, ಪ್ಲೇಫೇರ್ ಅವರ ಕಲೆಯನ್ನು ಕಲಿಯೋಣ, ವಾಟ್ ಅವರ ಸಲಹೆಯನ್ನೂ ಮರೆಯದಿರೋಣ. ಒಂದು ಚಾರ್ಟ್‌ನಲ್ಲಿ ಒಂದೇ ವಿಷಯ ಹೇಳಬೇಕು. ಅಳತೆ ಎಲ್ಲಿಂದ ಶುರುವಾಗುತ್ತದೆ ಎಂದು ಕಾಣುವಂತಿರಬೇಕು. ಅಂಕಿ ಎಲ್ಲಿಂದ ಬಂತೆಂದು ಕೆಳಗೆ ಬರೆದಿರಬೇಕು. ನಾಳೆ ನಮ್ಮಲ್ಲಿ ಯಾರಾದರೂ ಬ್ಯಾಂಕಿನಲ್ಲೋ, ಅಂಗಡಿಯಲ್ಲೋ, ಜಮಾತಿನ ಲೆಕ್ಕದ ಸಭೆಯಲ್ಲೋ ಎದ್ದು ನಿಂತು ಚಾರ್ಟ್ ತೋರಿಸಬಹುದು. ಎದುರಿಗೆ ಕುಳಿತವರು ನಮ್ಮ ಗೆರೆಯನ್ನು ನಂಬಿಯೇ ತಮ್ಮ ಹಣ ಕೊಡುತ್ತಾರೆ.