ಹಗ್ಗದ ಚಕ್ರ ತಿರುಗಿಸಿದ ಹುಡುಗ: ನೌಕಾಧಿಪತಿ ರಾಯ್ಟರ್

ನೆದರ್‌ಲೆಂಡ್ಸಿನ ನೈಋತ್ಯ ತುದಿಯಲ್ಲಿ, ಶೆಲ್ಡ್ ನದಿ ಕಡಲು ಸೇರುವಲ್ಲಿ, ವ್ಲಿಸ್ಸಿಂಗೆನ್ ಎಂಬ ಪಟ್ಟಣವಿದೆ. ಆಂಟ್‌ವರ್ಪಿಗೆ ಹೋಗುವ ಹಡಗುಗಳೆಲ್ಲ ಇದರ ಮುಂದೆಯೇ ಹಾಯಬೇಕು. ಆದುದರಿಂದ ಊರು ಚಿಕ್ಕದಾದರೂ ಅದರ ಕೋಟೆಯ ಮೇಲೆ ಅರಸರೆಲ್ಲರ ಕಣ್ಣು. ಸ್ಪೇನಿನ ವಿರುದ್ಧ ಡಚ್ಚರಿಗೆ ನೆರವಾದ ಇಂಗ್ಲಿಷರ ಕಾವಲು ಪಡೆ 1585ರಿಂದ 1616ರ ತನಕ ಇಲ್ಲಿಯೇ ಬೀಡುಬಿಟ್ಟಿತ್ತು. ಆ ಸೈನಿಕರನ್ನು ಬೀದಿಯಲ್ಲಿ ನೋಡುತ್ತ ಬೆಳೆದ ಹುಡುಗನೊಬ್ಬ ಮುಂದೆ ಇಂಗ್ಲೆಂಡಿನ ನಿದ್ದೆಗೆಡಿಸಿದ. ಅವನೇ ಮಿಖೀಲ್ ದ ರಾಯ್ಟರ್.

ಜನನ 1607ರ ಮಾರ್ಚ್ 24. ತಂದೆ ಬಿಯರ್ ಪೀಪಾಯಿ ಹೊರುವ ಕೂಲಿ. ಹನ್ನೊಂದು ಮಕ್ಕಳ ಸಂಸಾರ. ಹುಡುಗನಿಗೆ ಪಾಠ ಹತ್ತಲಿಲ್ಲ. ಇಂಥವರನ್ನು ತರಗತಿಯಲ್ಲಿ ದಿನವೂ ಕಾಣುವ ನಮಗೆ ಇದು ಹೊಸತಲ್ಲ! ಲ್ಯಾಂಪ್ಸಿನ್ಸ್ ಎಂಬ ವರ್ತಕರ ಹಗ್ಗದ ಕಾರ್ಖಾನೆಯಲ್ಲಿ ಚಕ್ರ ತಿರುಗಿಸುವ ಕೆಲಸಕ್ಕೆ ಹಚ್ಚಿದರು. ಹಗ್ಗ ಹೊಸೆಯುವ ಬೇಸರವೇನೆಂದು ನಮ್ಮ ಕಡಲಕರೆಯವರಿಗೆ ಬೇರೆ ಹೇಳಬೇಕಿಲ್ಲ. 1618ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಹಡಗು ಹತ್ತಿದ.

ಮುಂದಿನ ಮೂವತ್ತು ವರ್ಷ ನಾವಿಕನಾಗಿ, ಕಪ್ತಾನನಾಗಿ, ಸ್ವಂತ ವ್ಯಾಪಾರಿಯಾಗಿ ದುಡಿದ. ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿದಳು, ಎರಡನೆಯವಳು 1650ರಲ್ಲಿ. 1652ರಲ್ಲಿ ವಿಧವೆ ಆನಾಳನ್ನು ಮದುವೆಯಾಗಿ, ಇನ್ನು ಕಡಲು ಸಾಕೆಂದು ಹುಟ್ಟೂರಿನಲ್ಲೇ ನೆಲೆನಿಂತ. ಅದೇ ವರ್ಷ ಇಂಗ್ಲೆಂಡಿನೊಡನೆ ಯುದ್ಧ ಹತ್ತಿತು. ಒಂದೇ ಸಲಕ್ಕೆಂದು ಒಪ್ಪಿ ಹೊರಟವನಿಗೆ ಮತ್ತೆ ಬಿಡುಗಡೆಯೇ ಸಿಗಲಿಲ್ಲ. 1655ರಲ್ಲಿ ಸಂಸಾರ ಆಮ್‌ಸ್ಟರ್‌ಡ್ಯಾಮಿಗೆ ಹೋಯಿತು.

1667ರ ಜೂನಿನಲ್ಲಿ ಈತನ ನೌಕಾಪಡೆ ಮೆಡ್‌ವೇ ನದಿಗೆ ನುಗ್ಗಿ, ಅಡ್ಡ ಕಟ್ಟಿದ್ದ ಸರಪಣಿಯನ್ನು ಮುರಿದು, ಇಂಗ್ಲಿಷರ ಹಡಗುಗಳನ್ನು ಅವರ ಮನೆಯಂಗಳದಲ್ಲೇ ಸುಟ್ಟಿತು. ರಾಜನ ಹೆಸರು ಹೊತ್ತ ‘ರಾಯಲ್ ಚಾರ್ಲ್ಸ್’ ಹಡಗನ್ನೇ ಎಳೆದು ತಂದರು. ಮುಂದಿನ ತಿಂಗಳೇ ಬ್ರೆಡಾದಲ್ಲಿ ಸಂಧಿ. 1672–73ರಲ್ಲಿ ಇಂಗ್ಲೆಂಡ್, ಫ್ರಾನ್ಸ್ ಎರಡೂ ಒಟ್ಟಾಗಿ ಬಂದಾಗಲೂ ದೇಶದ ಕರಾವಳಿಯನ್ನು ಉಳಿಸಿದವನು ಈತನೇ. ಆದರೂ 1672ರಲ್ಲಿ, ರಾಜಕೀಯ ಗಲಭೆಯ ನಡುವೆ, ಜನರ ಗುಂಪು ಈತನ ಮನೆಯ ಮೇಲೇ ಏರಿ ಹೋಗಿತ್ತು. ಜನರ ಕೃತಜ್ಞತೆ ಅಷ್ಟೇ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. 1664–65ರಲ್ಲಿ ಈತ ಪಶ್ಚಿಮ ಆಫ್ರಿಕದ ಕರಾವಳಿಯ ಕೋಟೆಗಳನ್ನು ಡಚ್ಚರಿಗೆ ಮರಳಿ ಗೆದ್ದುಕೊಟ್ಟ. ಅವು ಮನುಷ್ಯರನ್ನು ಕೂಡಿಹಾಕಿ ಮಾರುತ್ತಿದ್ದ ಕೋಟೆಗಳು. ಅದೇ ರಾಯ್ಟರ್ 1676ರ ಫೆಬ್ರವರಿಯಲ್ಲಿ ನೇಪಲ್ಸಿನಲ್ಲಿ, ಹುಟ್ಟು ಹಾಕುವ ಗುಲಾಮರಾಗಿದ್ದ ಹಂಗೇರಿಯ ಪಾದ್ರಿಗಳನ್ನು ಬಿಡಿಸಿದ. ಒಂದರ ಪುಣ್ಯವನ್ನು ಇನ್ನೊಂದರ ಲೆಕ್ಕಕ್ಕೆ ವಜಾ ಮಾಡಲು ನಾವು ಹೋಗುವುದಿಲ್ಲ.

ಆ ಪಯಣವೇ ಕೊನೆಯದು. ಫ್ರೆಂಚರೆದುರು ಸ್ಪೇನಿಗೆ ನೆರವಾಗಲು ಸಿಸಿಲಿಗೆ ಕಳುಹಿಸಿದಾಗ ಕೊಟ್ಟ ಹಡಗುಗಳು ಸಾಲವೆಂದು ಈತ ಮೊದಲೇ ಹೇಳಿದ್ದ. ಮುದುಕನಿಗೆ ಪುಕ್ಕಲು ಎಂಬ ಮಾತು ಬಂತು. ಆಜ್ಞೆಯಾದ ಮೇಲೆ ಹೊರಟ. ಏಪ್ರಿಲ್ 22ರಂದು ಅಗಸ್ಟಾದ ಬಳಿ ತೋಪಿನ ಗುಂಡಿನಿಂದ ಕಾಲಿಗೆ ಗಾಯವಾಗಿ, 29ರಂದು ಸಿರಾಕ್ಯೂಸಿನಲ್ಲಿ ತೀರಿಕೊಂಡ. ಪ್ರಾಯ 69. ಮರುವರ್ಷ ಮಾರ್ಚಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ನ್ಯೂವೆ ಕೆರ್ಕ್ ಇಗರ್ಜಿಯಲ್ಲಿ ರಾಜಮರ್ಯಾದೆಯ ಸಮಾಧಿಯಾಯಿತು.

ವ್ಲಿಸ್ಸಿಂಗೆನ್ನಿನಲ್ಲಿ 1841ರಲ್ಲಿ ನಿಲ್ಲಿಸಿದ ಈತನ ಪ್ರತಿಮೆ ಈಗ ಕಡಲ ದಂಡೆಯ ಹಳೆಯ ಕೊತ್ತಳದ ಮೇಲಿದೆ.