ಕರ್ನಲ್ ಸೈಕ್ಸ್ ಮತ್ತು ನಮ್ಮ ಬಯಲಿನ ಹದ್ದುಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಾದ ನಾವು ಹದ್ದನ್ನು ದಿನಾಲೂ ಕಾಣುತ್ತೇವೆ. ಸಂತೆಯ ಮೇಲೆ ಸುತ್ತುವ ಈ ಕಂದು ಹಕ್ಕಿಗೆ, ಗರುಡನನ್ನು ಕಂಡಾಗ ಮುಗಿಯುವಂತೆ, ಯಾರೂ ಕೈ ಮುಗಿಯುವುದಿಲ್ಲ. ಆದರೆ ಪ್ರಾಣಿಶಾಸ್ತ್ರದ ಗ್ರಂಥಗಳಲ್ಲಿ ಇದರ ಹೆಸರು ಮಿಲ್ವಸ್ ಮೈಗ್ರಾನ್ಸ್ ಗೋವಿಂದ. ವಿಷ್ಣುವಿನ ಹೆಸರನ್ನು ಅವನ ವಾಹನಕ್ಕೆ ಕೊಡದೆ ಈ ಕಸ ಹೆಕ್ಕುವ ಹಕ್ಕಿಗೆ ಕೊಟ್ಟವನು ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸಿಪಾಯಿ.

ಸೈಕ್ಸನು ಹುಟ್ಟಿದ್ದು 1790ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ. ನಮ್ಮ ಹುಡುಗರು ಹೈಸ್ಕೂಲಿನಲ್ಲಿರುವ ವಯಸ್ಸಿಗೆ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ, 1804ರಲ್ಲಿ ಮುಂಬಯಿ ಸೈನ್ಯದ ಅಧಿಕಾರಿಯಾದನು. ಲಾರ್ಡ್ ಲೇಕನ ಕೈಕೆಳಗೆ ಭರತಪುರದ ಮುತ್ತಿಗೆಯಲ್ಲಿದ್ದನು. (ಆ ಭರತಪುರವೇ ಇಂದು ಪಕ್ಷಿಗಳಿಗಾಗಿ ಜಗತ್ಪ್ರಸಿದ್ಧವೆಂಬುದು ವಿಚಿತ್ರ.) 1810ರ ಹೊತ್ತಿಗೆ ಹಿಂದೂಸ್ತಾನಿ ಮತ್ತು ಮರಾಠಿಗಳಲ್ಲಿ ದುಭಾಷಿಯ ಪರೀಕ್ಷೆ ಮುಗಿಸಿದ್ದನು. 1817ರ ಖಡಕಿ ಯುದ್ಧದಲ್ಲಿ ದೇಶೀಯ ಪಡೆಯೊಂದನ್ನು ನಡೆಸಿದನು. ಇಷ್ಟೇ ಆಗಿದ್ದರೆ ಅವನನ್ನು ನೆನೆಯುವ ಕಾರಣ ನಮಗೆ ಇರುತ್ತಿರಲಿಲ್ಲ.

ಪೇಶ್ವೆಯ ರಾಜ್ಯ ಕಂಪನಿಯ ಕೈಸೇರಿದ ಮೇಲೆ, 1824ರಲ್ಲಿ, ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ನನು ಸೈಕ್ಸನನ್ನು ಅಂಕಿಸಂಖ್ಯೆಯ ಅಧಿಕಾರಿಯಾಗಿ ನೇಮಿಸಿದನು. ಪುಣೆ, ಅಹಮದನಗರ, ಖಾನದೇಶ, ಧಾರವಾಡ, ಈ ನಾಲ್ಕು ಕಲೆಕ್ಟರೇಟುಗಳ ಅಂಕಿಸಂಖ್ಯೆಯ ವರದಿ ಅವನದು. ಬೆಳಗಾವಿ ಆಗಿನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ಅದು 1836ರಲ್ಲಿ ಧಾರವಾಡದಿಂದ ಒಡೆದು ಆದದ್ದು. ಜನರೆಷ್ಟು, ಬೆಳೆಯೇನು, ಕಂದಾಯವೆಷ್ಟು ಎಂದು ತಿಳಿಯುವುದು ಕಂಪನಿಯ ಉದ್ದೇಶ. ಅದರಲ್ಲಿ ನಮ್ಮ ಹಿತಕ್ಕಿಂತ ಕಂಪನಿಯ ಬೊಕ್ಕಸದ ಹಿತವೇ ದೊಡ್ಡದಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಸೈಕ್ಸನು ಮನುಷ್ಯರನ್ನು ಎಣಿಸುತ್ತ ಗಾಳಿ, ಮಳೆ, ಮೃಗ, ಮೀನು, ಹಕ್ಕಿ ಎಲ್ಲವನ್ನೂ ಬರೆದುಕೊಂಡನು.

ದುರ್ಬೀನಿನಿಂದ ನೋಡಿ ಸಂತೋಷಪಡುವ ಕಾಲ ಅದಲ್ಲ. ಹಕ್ಕಿಯನ್ನು ಹೊಡೆದು, ಕಣ್ಣಿನ ಬಣ್ಣ ಬರೆದು, ಹೊಟ್ಟೆ ಸೀಳಿ ಅದು ಏನು ತಿಂದಿತ್ತೆಂದು ನೋಡುತ್ತಿದ್ದನು. ಈ ಕ್ರಮ ನಮಗೆ ರುಚಿಸದಿರಬಹುದು. ಆದರೆ ಹೊಲದ ಹಕ್ಕಿ ಕಾಳು ತಿನ್ನುತ್ತದೆಯೋ ಹುಳು ತಿನ್ನುತ್ತದೆಯೋ ಎಂಬುದು ಊಹೆಯಿಂದ ತಿಳಿಯುವ ವಿಷಯವಲ್ಲ. ಸತ್ತ ಹಕ್ಕಿಯನ್ನಷ್ಟೇ ಅಲ್ಲ, ಬದುಕಿದ್ದನ್ನೂ ಅವನು ಚೆನ್ನಾಗಿ ನೋಡಿದ್ದನು. ಅಡಿಗೆಮನೆಯಿಂದ ಬಂಗಲೆಗೆ ಒಯ್ಯುವ ಮಾಂಸದ ತಟ್ಟೆಯ ಮೇಲೆಯೇ ಹದ್ದು ಎರಗುವುದನ್ನು ಬರೆದಿಟ್ಟಿದ್ದಾನೆ.

1829ರ ಡಿಸೆಂಬರಿನಲ್ಲಿ ಸರಕಾರವು ಆ ಹುದ್ದೆಯನ್ನೇ ರದ್ದುಮಾಡಿತು. ಕೆಲಸ ಅರ್ಧವಾಗಿತ್ತು. ಇನ್ನೊಬ್ಬನಾಗಿದ್ದರೆ ಕಾಗದಗಳನ್ನು ಕಟ್ಟಿಟ್ಟು ಪಲ್ಟಣಕ್ಕೆ ಮರಳುತ್ತಿದ್ದನು. ಸೈಕ್ಸನು ಸೈನ್ಯದಿಂದ ರಜೆ ಪಡೆದು, ಆ ಕೆಲಸಕ್ಕೆ ಸಂಬಳವಿಲ್ಲದೆ, 1831ರ ಜನವರಿಯವರೆಗೆ ದುಡಿದು ಮುಗಿಸಿದನು. ಖಡಕಿಯ ಗೆಲುವಿಗಿಂತ ಈ ಒಂದು ವರ್ಷವೇ ಅವನ ಜೀವನದಲ್ಲಿ ದೊಡ್ಡದೆಂದು ನನಗೆ ತೋರುತ್ತದೆ.

ಮರುವರ್ಷ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಬಂದ ಅವನ ದಖ್ಖನಿನ ಪಟ್ಟಿಯಲ್ಲಿ ಸುಮಾರು 236 ಹಕ್ಕಿಗಳಿದ್ದವು. ಅದು ಬೇಟೆಯ ಹಕ್ಕಿಗಳಿಂದಲೇ ಆರಂಭವಾಗುತ್ತದೆ. ಗೋವಿಂದನ ಜೊತೆಗೆ ಅಲ್ಲಿ ಇನ್ನೊಂದು ಹೊಸ ಹೆಸರಿತ್ತು: ಸರ್ಕಸ್ ಪ್ಯಾಲಿಡಸ್, ಎಂದರೆ ಬಿಳಿಚಿದ ಹ್ಯಾರಿಯರ್. ರಷ್ಯ ಮತ್ತು ಕಜಕಸ್ತಾನದ ಹುಲ್ಲುಬಯಲಿನಲ್ಲಿ ಮರಿಮಾಡಿ, ಚಳಿಗಾಲಕ್ಕೆ ಸಹ್ಯಾದ್ರಿಯ ಮಳೆನೆರಳಿನ ಒಣ ನಾಡಿಗೆ ಬರುವ ಹಕ್ಕಿ ಇದು. ಗಂಡು ಬೂದಿಬಿಳುಪು, ರೆಕ್ಕೆಯ ತುದಿ ಕಪ್ಪು. ಹದ್ದಿನಂತೆ ಮುಗಿಲಲ್ಲಿ ಸುತ್ತದೆ, ನೆಲಕ್ಕೆ ತಾಗುವಷ್ಟು ಕೆಳಗೆ ಹಾರುತ್ತ ಮಿಡತೆ, ಇಲಿ, ನೆಲಗುಬ್ಬಿಗಳನ್ನು ಹುಡುಕುತ್ತದೆ. ರಾತ್ರಿ ಮರ ಹತ್ತದೆ ಹುಲ್ಲಿನಲ್ಲಿಯೇ ತಂಗುತ್ತದೆ. 1770ರಲ್ಲಿಯೇ ಗ್ಮೆಲಿನ್ ಎಂಬವನು ಇದಕ್ಕೆ ಬೇರೆ ಹೆಸರಿಟ್ಟಿದ್ದರಿಂದ, ಮೊದಲಿಟ್ಟ ಹೆಸರೇ ನಿಲ್ಲಬೇಕೆಂಬ ನಿಯಮದಂತೆ ಸೈಕ್ಸನ ಹೆಸರು ಬಿದ್ದುಹೋಯಿತು. ಗೋವಿಂದ ಮಾತ್ರ ಉಳಿದನು.

ಮುಂದಿನದು ದೊಡ್ಡ ಮನುಷ್ಯನ ಸಾಮಾನ್ಯ ಕಥೆ. 1833ರಲ್ಲಿ ಕರ್ನಲ್ಲನಾಗಿ ನಿವೃತ್ತಿ, ಮರುವರ್ಷ ರಾಯಲ್ ಸೊಸಾಯಿಟಿಯ ಸದಸ್ಯತ್ವ, 1840ರಲ್ಲಿ ಕಂಪನಿಯ ಡೈರೆಕ್ಟರ್, 1857ರಿಂದ ಅಬರ್ಡೀನಿನ ಪಾರ್ಲಿಮೆಂಟ್ ಸದಸ್ಯ. 1872ರ ಜೂನ್ 16ರಂದು ಲಂಡನ್ನಿನಲ್ಲಿ ತೀರಿಕೊಂಡನು.

ನಮ್ಮ ನೀರಹಕ್ಕಿಗಳಿಗೆ ಧೂಪದಾಳದ ಹಿನ್ನೀರಿನಲ್ಲಿ 1974ರಿಂದ ಘಟಪ್ರಭಾ ಪಕ್ಷಿಧಾಮವಿದೆ. ಬಿಳಿಚಿದ ಹ್ಯಾರಿಯರಿಗೆ ಬೇಕಾದದ್ದು ನೀರಲ್ಲ; ಕಲ್ಲುಮಡ್ಡಿ, ಗಾಯರಾಣ, ಮೊಳಕಾಲೆತ್ತರದ ಒಣ ಹುಲ್ಲು. ಕಾಲುವೆ ಬಂದಲ್ಲೆಲ್ಲ ಈಗ ಕಬ್ಬು ನಿಂತಿದೆ, ಮತ್ತು ಕಬ್ಬಿನೊಳಗೆ ಆ ಹಕ್ಕಿ ಇಳಿದು ಬೇಟೆಯಾಡಲಾರದು.