ಇಕ್ಕೇರಿಗೆ ಬಂದ ರೋಮಿನ ಸಂಗ್ರಾಹಕ: ಪಿಯೆತ್ರೊ ದೆಲ್ಲಾ ವಾಲ್ಲೆ

ಸಾಗರದ ಸಮೀಪದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವನ್ನು ನೋಡದವರು ನಮ್ಮ ಕಡೆ ಅಪರೂಪ. ನಮ್ಮ ಶಾಲೆಯ ಮಕ್ಕಳ ಒಂದು ದಿನದ ಪ್ರವಾಸವೆಂದರೆ ಕೆಳದಿ, ಇಕ್ಕೇರಿ, ಜೋಗ ಎಂದೇ ಲೆಕ್ಕ. ಮಕ್ಕಳು ದೊಡ್ಡ ನಂದಿಯ ಕಾಲ ಸಂದಿಯಲ್ಲಿ ನುಸುಳಿ ಆಡುತ್ತಾರೆ, ನೆಲಹಾಸಿನ ಕಲ್ಲಿನಲ್ಲಿ ಕೊರೆದ ಅಡ್ಡಬಿದ್ದ ನಾಯಕರ ಚಿತ್ರಗಳನ್ನು ಎಣಿಸುತ್ತಾರೆ. ಆದರೆ ಇದೇ ಅಂಗಳದಲ್ಲಿ 1623ರ ನವೆಂಬರಿನಲ್ಲಿ ರೋಮ್ ನಗರದ ಒಬ್ಬ ಶ್ರೀಮಂತ ನಿಂತು ನಮ್ಮ ಹೆಣ್ಣುಮಕ್ಕಳ ಕೋಲಾಟ ನೋಡಿದ್ದನೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಆತನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ನಾನೂರು ವರ್ಷದ ಹಿಂದಿನ ನಮ್ಮೂರನ್ನು ಕಣ್ಣಾರೆ ಕಂಡು ಬರೆದಿಟ್ಟ ಈ ಮನುಷ್ಯನ ಬದುಕನ್ನು ಶಾಲೆಯ ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ನೆನೆಯಬೇಕೆನಿಸಿತು.

ರೋಮಿಗೂ ನಮ್ಮ ಘಟ್ಟಸೀಮೆಗೂ ನಂಟು ಅವನಿಂದ ಶುರುವಾದದ್ದಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಪಡುವಣ ಕರಾವಳಿಯ ಕಾಳುಮೆಣಸಿಗಾಗಿ ರೋಮಿನ ಹಡಗುಗಳು ಬರುತ್ತಿದ್ದವು. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯಗಳಷ್ಟು ಹಣವನ್ನು ಭಾರತ ಎಳೆದುಕೊಳ್ಳುತ್ತಿದೆ ಎಂದು ಅಲ್ಲಿನ ಪ್ಲಿನಿ ಎಂಬ ಪಂಡಿತ ಕೊರಗಿದ್ದ. ಆ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ಮಣ್ಣಿನಿಂದ ಎದ್ದು ಬಂದಿವೆ. ಬರೀ ಮೆಣಸಲ್ಲ, ಕಲ್ಲುಗಳೂ ಇಲ್ಲಿಂದ ಹೋಗುತ್ತಿದ್ದವು. ಪಶ್ಚಿಮ ಭಾರತದ ಅಕೀಕ, ಕಾರ್ನೀಲಿಯನ್ ಎಂಬ ಕೆಂಪು ಕಲ್ಲು ರೋಮಿನ ಕುಶಲಿಗಳಿಗೆ ಅಚ್ಚುಮೆಚ್ಚು. ಉಗುರಿನಷ್ಟಗಲದ ಕಲ್ಲಿನ ಮೇಲೆ ಎಣ್ಣೆ ಮತ್ತು ಗಟ್ಟಿ ಕಲ್ಲಿನ ಪುಡಿ ಹಾಕಿ, ಸಣ್ಣ ಬೈರಿಗೆಯನ್ನು ತಿರುಗಿಸುತ್ತ, ದೇವತೆಯ ಮುಖವನ್ನೋ ಕುದುರೆಯನ್ನೋ ಒಳಮುಖವಾಗಿ ಕೊರೆಯುತ್ತಿದ್ದರು. ಅದನ್ನು ಚಿನ್ನದುಂಗುರಕ್ಕೆ ಕೂರಿಸಿ ಅರಗಿನ ಮೇಲೆ ಒತ್ತಿದರೆ ಚಿತ್ರ ಉಬ್ಬಿ ಮೂಡುತ್ತಿತ್ತು. ಅದೇ ಒಡೆಯನ ಸಹಿ. ರಾಮನ ಉಂಗುರವನ್ನು ಹನುಮಂತ ಸೀತೆಗೆ ಗುರುತಾಗಿ ಒಯ್ದ ಕಥೆ ಬಲ್ಲ ನಮಗೆ ಮುದ್ರೆಯುಂಗುರದ ಬೆಲೆಯನ್ನು ಬೇರೆ ಹೇಳಬೇಕಿಲ್ಲ. ಚಕ್ರವರ್ತಿ ಆಗಸ್ಟಸ್ ಮೊದಲು ಸ್ಫಿಂಕ್ಸ್ ಎಂಬ ಕಾಲ್ಪನಿಕ ಪ್ರಾಣಿಯ ಮುದ್ರೆಯನ್ನೂ, ಆಮೇಲೆ ಅಲೆಗ್ಸಾಂಡರನ ಮುಖದ ಮುದ್ರೆಯನ್ನೂ, ಕೊನೆಗೆ ಡಯಾಸ್ಕೊರಿಡೀಸ್ ಎಂಬ ಕುಶಲಿ ಕೊರೆದ ತನ್ನದೇ ಮುಖದ ಮುದ್ರೆಯನ್ನೂ ಬಳಸಿದ. ಜೂಲಿಯಸ್ ಸೀಸರ್ ಇಂಥ ಕಲ್ಲುಗಳ ಆರು ಪೆಟ್ಟಿಗೆಗಳನ್ನು ದೇವಾಲಯಕ್ಕೆ ಕಾಣಿಕೆ ಕೊಟ್ಟಿದ್ದ. ಸಂಗ್ರಹದ ಹುಚ್ಚು ರೋಮಿನವರ ರಕ್ತದಲ್ಲೇ ಇತ್ತು.

ಸಾಮ್ರಾಜ್ಯ ಅಳಿದು ಸಾವಿರ ವರ್ಷ ಕಳೆದ ಮೇಲೂ ದ್ರಾಕ್ಷಿ ತೋಟ ಅಗೆಯುವವರ ಗುದ್ದಲಿಗೆ ಹಳೆಯ ಉಂಗುರ, ಕಲ್ಲು, ವಿಗ್ರಹಗಳು ಸಿಗುತ್ತಿದ್ದವು. ಅವನ್ನು ಕೊಳ್ಳಲು ದೊಡ್ಡ ಮನೆತನಗಳು ಪೈಪೋಟಿ ನಡೆಸುತ್ತಿದ್ದವು. ದೆಲ್ಲಾ ವಾಲ್ಲೆ ಅಂಥದೊಂದು ಮನೆತನ. ಆ ವಂಶದ ಕಾರ್ಡಿನಲ್ ಆಂದ್ರೆಯಾ ಪ್ರಾಚೀನ ಶಿಲ್ಪಗಳನ್ನು ಸಂಗ್ರಹಿಸಿ ಹೆಸರಾಗಿದ್ದ. ಆ ಸಂಗ್ರಹ ಮೆದಿಚಿ ಮನೆತನಕ್ಕೆ ಮಾರಾಟವಾಗುವ ಹೊತ್ತಿಗೆ, 1586ರ ಏಪ್ರಿಲ್‌ನಲ್ಲಿ ಹುಟ್ಟಿದ ಪಿಯೆತ್ರೊನ ಕಾಲ ಇನ್ನೂ ಬಂದಿರಲಿಲ್ಲ. ಮನೆತನದ ವಸ್ತುಗಳು ಕೈಬಿಟ್ಟವು, ಅಭಿರುಚಿ ಉಳಿಯಿತು.

ಹುಡುಗನಿಗೆ ಓದು, ಸಂಗೀತ, ಕಾವ್ಯ ಎಲ್ಲದರಲ್ಲೂ ಆಸಕ್ತಿ. ಯೌವನದಲ್ಲಿ ಪ್ರೀತಿಸಿದ ಹೆಣ್ಣು ಬೇರೆಯವನನ್ನು ಮದುವೆಯಾದಾಗ ಬದುಕೇ ಬೇಡವೆನಿಸಿತು. ನೇಪಲ್ಸಿನಲ್ಲಿದ್ದ ವೈದ್ಯ ಮಿತ್ರ ಮಾರಿಯೊ ಸ್ಕಿಪಾನೊ ಪೂರ್ವ ದೇಶಗಳಿಗೆ ಯಾತ್ರೆ ಹೋಗಲು ಹುರಿದುಂಬಿಸಿದ. 1614ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿದ ಪಿಯೆತ್ರೊ ತನ್ನನ್ನು ಯಾತ್ರಿಕ ಎಂದೇ ಕರೆದುಕೊಂಡ. ಮುಂದಿನ ಹನ್ನೆರಡು ವರ್ಷ ಕಂಡದ್ದನ್ನೆಲ್ಲ ಆ ಮಿತ್ರನಿಗೆ ಪತ್ರ ಬರೆದ. ಇಂದು ಅವನ ಹೆಸರು ಉಳಿದಿರುವುದು ಆ ಪತ್ರಗಳಿಂದ.

ಕಾನ್ಸ್ಟಾಂಟಿನೋಪಲ್‌ನಲ್ಲಿ ವರ್ಷಕ್ಕೂ ಮಿಕ್ಕಿ ಇದ್ದು ತುರ್ಕಿ ಭಾಷೆ ಕಲಿತ. ಈಜಿಪ್ಟಿನಲ್ಲಿ ಮಮ್ಮಿಗಳನ್ನು ಕೊಂಡ. ಅವು ಇಂದು ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿವೆ. ಜೆರುಸಲೇಮ್, ಡಮಾಸ್ಕಸ್, ಅಲೆಪ್ಪೊ ದಾಟಿ 1616ರಲ್ಲಿ ಬಾಗ್ದಾದಿಗೆ ಬಂದ. ಅಲ್ಲಿ ಮಾನಿ ಎಂಬ ಸಿರಿಯನ್ ಕ್ರೈಸ್ತ ಮನೆತನದ ತರುಣಿಯನ್ನು ಮದುವೆಯಾದ. ಇಬ್ಬರೂ ಸೇರಿ ಪರ್ಷಿಯಾಕ್ಕೆ ಹೋಗಿ ಷಾ ಅಬ್ಬಾಸನ ಆಸ್ಥಾನ ಕಂಡರು. 1621ರಲ್ಲಿ ಪರ್ಸೆಪೊಲಿಸ್‌ನ ಪಾಳು ಅರಮನೆಯ ಗೋಡೆಗಳಲ್ಲಿ ಮೊಳೆಯಾಕಾರದ ವಿಚಿತ್ರ ಗುರುತುಗಳನ್ನು ಕಂಡ ಪಿಯೆತ್ರೊ ಐದು ಅಕ್ಷರಗಳನ್ನು ನಕಲು ಮಾಡಿಕೊಂಡ. ಮೊಳೆಗಳ ತಲೆ ಇರುವ ದಿಕ್ಕನ್ನು ಗಮನಿಸಿ, ಇದು ಎಡದಿಂದ ಬಲಕ್ಕೆ ಓದುವ ಲಿಪಿ ಎಂದು ಊಹಿಸಿದ. ಆ ಊಹೆ ಸರಿಯೆಂದು ಗೊತ್ತಾಗಲು ಇನ್ನೂರು ವರ್ಷ ಬೇಕಾಯಿತು.

ಅದೇ ವರ್ಷದ ಕೊನೆಯಲ್ಲಿ ಸಿಡಿಲು ಬಡಿಯಿತು. ಊರಿಗೆ ಮರಳಲು ಸಮುದ್ರ ತೀರಕ್ಕೆ ಬಂದವರಿಗೆ ಹರ್ಮುಜ್‌ನ ಯುದ್ಧದಿಂದ ದಾರಿ ಕಟ್ಟಿತು. ಮಿನಾಬ್ ಎಂಬ ಊರಿನ ಬಿಸಿಲು, ಜ್ವರದ ನಡುವೆ ಬಸುರಿ ಮಾನಿ ಮಗುವನ್ನು ಕಳೆದುಕೊಂಡು, 1621ರ ಡಿಸೆಂಬರ್ 30ರಂದು ತಾನೂ ತೀರಿಕೊಂಡಳು. ಪಿಯೆತ್ರೊ ಅವಳನ್ನು ಅಲ್ಲಿ ಮಣ್ಣು ಮಾಡಲಿಲ್ಲ. ದೇಹಕ್ಕೆ ಕರ್ಪೂರ ಹಾಕಿಸಿ ಪೆಟ್ಟಿಗೆಯಲ್ಲಿ ಭದ್ರಪಡಿಸಿ, ಸರಕಿನ ನಡುವೆ ಬಚ್ಚಿಟ್ಟು, ರೋಮಿನ ತನ್ನ ವಂಶದ ಸಮಾಧಿಗೆ ಒಯ್ಯುವುದಾಗಿ ಹಟ ತೊಟ್ಟ. ಹೆಣ ಸಾಗಿಸಲು ನಾವಿಕರು ಒಪ್ಪದ ಕಾಲವದು. ಆ ಪೆಟ್ಟಿಗೆಯ ಜೊತೆ 1623ರ ಫೆಬ್ರವರಿಯಲ್ಲಿ ಸೂರತ್ತಿಗೆ ಬಂದಿಳಿದ. ಖಂಬಾತ್, ಅಹಮದಾಬಾದ್ ನೋಡಿಕೊಂಡು ಗೋವೆ ಸೇರಿದ.

ಆಗ ಇಕ್ಕೇರಿಯಲ್ಲಿ ವೆಂಕಟಪ್ಪನಾಯಕನ ಆಳ್ವಿಕೆ. ಘಟ್ಟದ ಮೆಣಸು ಅವನ ಕೈಯಲ್ಲಿತ್ತು. ಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ರಾಣಿಯ ರಾಜ್ಯವೂ ಅವನ ವಶವಾಗಿತ್ತು. ಅವನೊಡನೆ ಮಾತುಕತೆಗೆ ಗೋವೆಯಿಂದ ಹೊರಟ ರಾಯಭಾರಿಯ ಜೊತೆ ಪಿಯೆತ್ರೊ ಸೇರಿಕೊಂಡ. ಅವನಿಗೆ ಮೆಣಸೂ ಬೇಕಿರಲಿಲ್ಲ, ರಾಜಕಾರಣವೂ ಬೇಕಿರಲಿಲ್ಲ. ನೋಡುವುದೊಂದೇ ಆಸೆ. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಸಾಗುವಾಗ ಎರಡೂ ದಡದ ಹಸಿರನ್ನು ಬಹಳ ಮೆಚ್ಚಿ ಬರೆದ. ಗೇರುಸೊಪ್ಪೆಯಲ್ಲಿ ಪಾಳುಬಿದ್ದ ನಗರ ಕಂಡ. ಘಟ್ಟ ಹತ್ತುವಾಗ ತನ್ನ ದೇಶದ ಅಪೆನೈನ್ ಬೆಟ್ಟಗಳನ್ನು ನೆನೆದ. ಸಾಗರದ ಹೆಸರೂ ಅವನ ಪತ್ರದಲ್ಲಿ ಬರುತ್ತದೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಕಡೆಯ ಎಷ್ಟೋ ಹಳೆಯ ದಾರಿಗಳು ಮುಳುಗಿ ಹೋಗಿರುವ ಈ ದಿನಗಳಲ್ಲಿ, ಆ ದಾರಿಯ ಬಗೆಗಿನ ಒಂದೊಂದು ಮಾತೂ ನಮಗೆ ಒಡವೆಯೇ.

ಘಟ್ಟದ ಮೇಲಿನ ಒಂದು ಗುಡಿಯ ಜಗುಲಿಯಲ್ಲಿ ಪಿಯೆತ್ರೊ ಕಂಡ ದೃಶ್ಯ ಶಾಲೆಯವರಾದ ನಾವು ಮರೆಯಬಾರದಂಥದು. ನಾಲ್ವರು ಹುಡುಗರು ನೆಲಕ್ಕೆ ನುಣುಪು ಮರಳು ಹರಡಿಕೊಂಡು ಲೆಕ್ಕ ಕಲಿಯುತ್ತಿದ್ದರು. ಒಬ್ಬ ರಾಗವಾಗಿ ಮಗ್ಗಿ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಅಂಕಿ ಬರೆಯುವನು. ಉಳಿದವರು ಅದೇ ರಾಗದಲ್ಲಿ ಹೇಳಿ ಅದನ್ನೇ ಬರೆಯುವರು. ಮರಳು ತುಂಬಿದರೆ ಕೈಯಿಂದ ಸವರಿ ಮತ್ತೆ ಹರಡುವರು. ಕಾಗದವಿಲ್ಲ, ಲೇಖನಿಯಿಲ್ಲ, ಖರ್ಚಿಲ್ಲ. ಪಕ್ಕದಲ್ಲಿ ಗುರುವೂ ಇಲ್ಲ. ಮರೆತರೆ ತಿದ್ದುವವರು ಯಾರೆಂದು ಆತ ಕೇಳಿದ. ನಾಲ್ವರೂ ಒಂದೇ ಭಾಗವನ್ನು ಒಟ್ಟಿಗೇ ಮರೆಯುವುದು ಸಾಧ್ಯವೇ ಇಲ್ಲ, ಒಬ್ಬ ಮರೆತರೆ ಇನ್ನೊಬ್ಬ ನೆನಪಿಸುತ್ತಾನೆ ಎಂದು ಹುಡುಗರು ಉತ್ತರಿಸಿದರು. ಎಷ್ಟು ಸುಲಭವಾದ, ಭದ್ರವಾದ ಕಲಿಕೆಯೆಂದು ಪಿಯೆತ್ರೊ ಬೆರಗಾದ. ಹೆಚ್ಚುಕಡಿಮೆ ನೂರೆಪ್ಪತ್ತು ವರ್ಷಗಳ ಬಳಿಕ ಆಂಡ್ರ್ಯೂ ಬೆಲ್ ಎಂಬಾತ ಮದ್ರಾಸಿನಲ್ಲಿ ಇಂಥದೇ ಮರಳಿನ ಪಾಠ ನೋಡಿ, ಮಕ್ಕಳೇ ಮಕ್ಕಳಿಗೆ ಕಲಿಸುವ ಪದ್ಧತಿಯನ್ನು ಇಂಗ್ಲೆಂಡಿಗೆ ಒಯ್ದು ಹೆಸರು ಮಾಡಿದ. ನಮ್ಮ ಘಟ್ಟದ ಆ ನಾಲ್ವರ ಹೆಸರು ಯಾವ ದಾಖಲಾತಿ ಪುಸ್ತಕದಲ್ಲೂ ಇಲ್ಲ.

ಇಕ್ಕೇರಿ ಆಗ ಬಯಲಿನಲ್ಲಿ ಹರಡಿದ ದೊಡ್ಡ ಪಟ್ಟಣ. ಮನೆಗಳಿಗಿಂತ ಮರಗಳೇ ಹೆಚ್ಚೆಂಬಂತಿತ್ತು. ಅರಸನ ಭೇಟಿ, ವೀಳ್ಯದ ಮರ್ಯಾದೆ ಎಲ್ಲ ಆಯಿತು. ಇಕ್ಕೇರಿಯಲ್ಲಿ ಆಗ ಚಲಾವಣೆಯಲ್ಲಿದ್ದದ್ದು ಇಕ್ಕೇರಿ ವರಹ. ಒಂದು ಬದಿಯಲ್ಲಿ ಶಿವ ಪಾರ್ವತಿಯರು ಕುಳಿತ ಚಿತ್ರ, ಇನ್ನೊಂದು ಬದಿಯಲ್ಲಿ ನಾಗರಿ ಅಕ್ಷರ. ಸುಮಾರು ಮೂರೂವರೆ ಗ್ರಾಂ ಚಿನ್ನದ ಆ ಪುಟ್ಟ ಬಿಲ್ಲೆಗೆ ಅಚ್ಚು ಕೊರೆದವನ ಕೈಚಳಕ ರೋಮಿನ ಉಂಗುರದ ಕಲ್ಲು ಕೊರೆದವನ ಕೈಚಳಕದ ಜಾತಿಯದೇ. ಅಚ್ಚಿನಲ್ಲಿ ಎಲ್ಲವನ್ನೂ ತಿರುಗುಮುರುಗಾಗಿ, ಒಳಮುಖವಾಗಿ ಕೊರೆಯಬೇಕು. 1763ರಲ್ಲಿ ಬಿದನೂರನ್ನು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು, ಗೆದ್ದ ಹೈದರಾಲಿಯೂ ಆ ಶಿವ ಪಾರ್ವತಿಯರ ಚಿತ್ರವನ್ನು ತನ್ನ ವರಹದ ಮೇಲೆ ಉಳಿಸಿಕೊಂಡ. ಜನ ನಂಬಿದ ಮುದ್ರೆಯನ್ನು ಅರಸನೂ ಅಳಿಸಲಾರ.

ಗೌರಿಯ ಹಬ್ಬದ ಸಂಜೆ ಹೆಣ್ಣುಮಕ್ಕಳ ಗುಂಪುಗಳು ಹಳದಿ, ಬಿಳಿ ಹೂಗಳನ್ನು ಕಿರೀಟದಂತೆ ಮುಡಿದು, ಬಣ್ಣದ ಚಿಕ್ಕ ಕೋಲುಗಳನ್ನು ತಾಳಕ್ಕೆ ತಕ್ಕಂತೆ ಬಡಿಯುತ್ತ ಕುಣಿಯುವುದನ್ನು ಪಿಯೆತ್ರೊ ನೋಡಿದ. ಒಬ್ಬಳು ಹಾಡಿನ ಸಾಲು ಹೇಳಿದರೆ ಉಳಿದವರು ಕೋಲೆ ಕೋಲೆ ಎಂದು ಸೊಲ್ಲು ಸೇರಿಸುತ್ತಿದ್ದರು. ಆ ಪದದ ಅರ್ಥ ತನಗೆ ತಿಳಿಯದಾದರೂ ಅದು ಸಂತೋಷದ ಮಾತಿರಬೇಕೆಂದುಕೊಂಡ. ಸಂಗೀತ ಬಲ್ಲವನಾದ್ದರಿಂದ ಕಿವಿಗೆ ಬಿದ್ದ ಪದವನ್ನು ಹಾಗೇ ಬರೆದಿಟ್ಟ. ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಅದೇ ಸೊಲ್ಲು ಇಟಲಿಯ ಪುಸ್ತಕದಲ್ಲಿ ಭದ್ರವಾಗಿದೆ.

ಎಲ್ಲವೂ ಸಂತೋಷದ ನೆನಪಲ್ಲ. ಗಂಡ ಸತ್ತು ಹತ್ತೊಂಬತ್ತು ದಿನವಾದ ಒಬ್ಬ ವಾದ್ಯಗಾರನ ಹೆಂಡತಿ ಸಹಗಮನಕ್ಕೆ ಸಿದ್ಧಳಾಗಿರುವಳೆಂದು ಕೇಳಿ ಅವಳ ಮನೆಗೆ ಹೋದ. ಅವನು ಬರೆದುಕೊಂಡ ಹೆಸರನ್ನು ನಾವು ಜಕ್ಕಮ್ಮ ಎಂದು ಓದಬಹುದು. ತಲೆಗೆ ಹೂ ಮುಡಿದು ನಗುತ್ತ ಮಾತಾಡಿದಳು. ಯಾರ ಬಲವಂತವೂ ಇಲ್ಲ ಎಂದಳು. ಚಿಕ್ಕ ಮಕ್ಕಳ ಗತಿಯೇನೆಂದು ಆತ ಕೇಳಿದಾಗ, ಅವರನ್ನು ನೋಡಿಕೊಳ್ಳಲಿರುವ ಬಂಧುವನ್ನು ತೋರಿಸಿದಳು. ಎಷ್ಟು ಹೇಳಿದರೂ ಅವಳ ಮನಸ್ಸು ತಿರುಗಲಿಲ್ಲ. ಅವಳ ಹೆಸರು ಲೋಕದಲ್ಲಿ ಉಳಿಯುವಂತೆ ಬರೆಯುತ್ತೇನೆಂದು ಮಾತು ಕೊಟ್ಟು ಭಾರವಾದ ಮನಸ್ಸಿನಿಂದ ಹೊರಬಂದ, ಅದರಂತೆ ಪದ್ಯಗಳನ್ನೂ ಬರೆದ. ಸತ್ತ ಹೆಂಡತಿಯನ್ನು ಬಿಟ್ಟಿರಲಾರದ ಗಂಡ, ಸತ್ತ ಗಂಡನ ಹಿಂದೆ ಹೊರಟ ಹೆಂಡತಿ ಎದುರುಬದುರು ಕುಳಿತ ಗಳಿಗೆ ಅದು. ಆದರೆ ಅವನ ದುಃಖಕ್ಕೆ ಬದುಕುವ ದಾರಿಯಿತ್ತು, ಅವಳ ಕಾಲದ ಕಟ್ಟಳೆ ಅವಳಿಗೆ ಬೆಂಕಿಯ ದಾರಿಯನ್ನು ತೋರಿಸಿತ್ತು. ಈ ವ್ಯತ್ಯಾಸವನ್ನು ನಮ್ಮ ಹೆಣ್ಣುಮಕ್ಕಳು ಓದಿ ತಿಳಿಯಬೇಕು.

ಇಕ್ಕೇರಿಯಿಂದ ಇಳಿದು ಬಸರೂರು, ಮಂಗಳೂರಿನ ಕಡೆ ಹೋದಾಗ ಬರಿಗಾಲಲ್ಲಿ ನಿಂತು ನೀರಿನ ಕಾಲುವೆಯ ಕೆಲಸ ಮಾಡಿಸುತ್ತಿದ್ದ ಉಳ್ಳಾಲದ ರಾಣಿಯನ್ನು ಕಂಡ. ಪ್ರೀತಿಯ ಯಾರಾದರೂ ಸತ್ತದ್ದರಿಂದ ಹೀಗೆ ಅಲೆಯುತ್ತಿದ್ದೀಯಾ ಎಂದು ಆಕೆ ವಿಚಾರಿಸಿದಳು. ಹೆಣ್ಣಿನ ಕಣ್ಣು ಸರಿಯಾದ ಜಾಗವನ್ನೇ ಮುಟ್ಟಿತ್ತು.

1624ರ ಕೊನೆಗೆ ಭಾರತ ಬಿಟ್ಟು ಮಸ್ಕತ್, ಬಸ್ರಾ ದಾರಿಯಾಗಿ ಹೊರಟ. 1625ರಲ್ಲಿ ಮರುಭೂಮಿಯ ಒಂದು ಹಾಳು ದಿಬ್ಬದಲ್ಲಿ ಬರಹವಿದ್ದ ಇಟ್ಟಿಗೆಗಳೂ, ಅಕ್ಷರ ಕೊರೆದ ಕಪ್ಪು ಕಲ್ಲಿನ ತುಣುಕುಗಳೂ ಸಿಕ್ಕವು. ಈ ಕಲ್ಲುಗಳು ಮುದ್ರೆ ಒತ್ತಲು ಇದ್ದವೆಂದು ಆತ ಕೂಡಲೇ ಊಹಿಸಿದ. ಮುದ್ರೆಯುಂಗುರಗಳ ನಗರದಿಂದ ಬಂದವನಿಗೆ ಅದು ಹೊಳೆಯದೆ ಇರುತ್ತದೆಯೆ? ಆ ದಿಬ್ಬವೇ ಉರ್ ಎಂಬ ಪ್ರಾಚೀನ ನಗರವೆಂದು ಮುಂದೆ ತಿಳಿಯಿತು.

1626ರಲ್ಲಿ ರೋಮ್ ತಲುಪಿ, ನಾಲ್ಕು ವರ್ಷಕ್ಕೂ ಮಿಕ್ಕಿ ಹೊತ್ತು ತಂದ ಮಾನಿಯನ್ನು ವಂಶದ ಸಮಾಧಿಯಲ್ಲಿ ಇರಿಸಿದ. 1627ರಲ್ಲಿ ಅವಳಿಗಾಗಿ ದೊಡ್ಡ ಶ್ರಾದ್ಧಸಭೆ ನಡೆಸಿದ. ಪೋಪರ ಮನ್ನಣೆ ದೊರೆಯಿತು. ಮಾನಿ ಸಾಕಿದ್ದ ಜಾರ್ಜಿಯಾದ ಅನಾಥ ಹುಡುಗಿಯನ್ನು ಮುಂದೆ ಮದುವೆಯಾಗಿ ಹದಿನಾಲ್ಕು ಮಕ್ಕಳನ್ನು ಪಡೆದ. ಆತ ದೋಷವಿಲ್ಲದ ಮನುಷ್ಯನಲ್ಲ. ಕೋಪದ ಭರದಲ್ಲಿ ಪೋಪರ ಆಳೊಬ್ಬನನ್ನು ಕೊಂದು ಕೆಲಕಾಲ ಊರು ಬಿಡಬೇಕಾಯಿತು. ನಮ್ಮ ದೇವರು, ಆಚಾರಗಳ ಬಗೆಗೂ ತನ್ನ ಮತದ ಕಣ್ಣಿನಿಂದಲೇ ತೀರ್ಪು ಕೊಟ್ಟ ಕಡೆಗಳು ಉಂಟು. ಆದರೆ ಕಂಡದ್ದನ್ನು ಕಂಡಂತೆ ಬರೆಯುವ ಶಿಸ್ತನ್ನು ಬಿಡಲಿಲ್ಲ. 1652ರ ಏಪ್ರಿಲ್ 21ರಂದು ತೀರಿಕೊಂಡ. ಭಾರತದ ಪತ್ರಗಳು ಅಚ್ಚಾದದ್ದು ಅವನ ನಂತರ, 1663ರಲ್ಲಿ.

ಅವನು ಬಂದ ಕಾಲದ ಇಕ್ಕೇರಿಯ ಅರಮನೆ ಇಂದಿಲ್ಲ. ವರಹಗಳು ಸಂಗ್ರಾಹಕರ ಪೆಟ್ಟಿಗೆ ಸೇರಿವೆ, ಎಷ್ಟೋ ಕರಗಿ ಬಳೆ, ಓಲೆಗಳಾಗಿವೆ. ಚಿನ್ನಕ್ಕೆ ತನ್ನ ಹಳೆಯ ರೂಪದ ನೆನಪಿರುವುದಿಲ್ಲ. ಮರಳಿನ ಮೇಲೆ ಬರೆದ ಮಗ್ಗಿಯಾದರೋ ಬರೆದ ಗಳಿಗೆಯಲ್ಲೇ ಅಳಿಸಿತ್ತು. ಆದರೂ ನಾನೂರು ವರ್ಷ ಉಳಿದು ಬಂದದ್ದು ಅದೇ, ಏಕೆಂದರೆ ನೋಡಿದವನೊಬ್ಬ ಬರೆದಿಟ್ಟ. ನಮ್ಮ ಶಾಲೆಯ ಐವತ್ತು ವರ್ಷಗಳಲ್ಲಿ ಕಲಿತು ಹೋದ ಮಕ್ಕಳು, ಕಲಿಸಿ ಹೋದ ಗುರುಗಳು, ಜಾಗ ಕೊಟ್ಟ, ಕಲ್ಲು ಹೊತ್ತ ಊರಿನವರು ಅನೇಕ. ಅವರ ನೆನಪುಗಳನ್ನು ಬಲ್ಲವರು ಇರುವಾಗಲೇ ಬರೆದಿಡೋಣ. ನಾಲ್ವರು ಒಟ್ಟಿಗೆ ಮರೆಯುವುದಿಲ್ಲ ಎಂಬ ಆ ಹುಡುಗರ ಭರವಸೆ ನಿಜ. ಆದರೆ ಆ ನಾಲ್ವರು ಒಟ್ಟಿಗೆ ಕೂರಬೇಕು, ಅಷ್ಟೆ.